ಗಾಳಿ ಸ್ಪ್ರಿಂಗ್, ಉಕ್ಕಿನ ಸ್ಪ್ರಿಂಗ್: ಕಾರಿನ ಸಸ್ಪೆನ್ಷನ್ ಬದಲಿಸುವ ಮುನ್ನ ರಾಬರ್ಟ್ ಹುಕ್ ಕತೆ ಓದಿ

ಸೆಕೆಂಡ್ ಹ್ಯಾಂಡ್ ದೊಡ್ಡ ಕಾರು ಕೊಂಡವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ಆಗಾಗ ಸುತ್ತು ಹಾಕುತ್ತದೆ. ಕಾರಿನ ಏರ್ ಸಸ್ಪೆನ್ಷನ್ ಕೆಟ್ಟಿದೆಯೇ? ಚಿಂತೆ ಬೇಡ. ಗಾಳಿ ಚೀಲ ಕಿತ್ತು ಹಾಕಿ, ಅದೇ ಜಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಕೂರಿಸಿ. ಮನೆ ಅಂಗಳದಲ್ಲೇ ಅರ್ಧ ದಿನದ ಕೆಲಸ, ಲಕ್ಷಗಟ್ಟಲೆ ಉಳಿತಾಯ. ಇಷ್ಟು ಅದರ ಸಾರ.

ಇದು ನಿಜವೇ? ಚಿಕ್ಕದಾಗಿ ಹೇಳುವುದಾದರೆ, ಗಾಳಿ ಸ್ಪ್ರಿಂಗಿನ ಜಾಗಕ್ಕೆ ಉಕ್ಕಿನ ಸ್ಪ್ರಿಂಗ್ ಹಾಕಲು ಬರುತ್ತದೆ. ಆದರೆ ಅಂಗಳದಲ್ಲಿ ಒಂದು ಜಾಕ್ ಇಟ್ಟುಕೊಂಡು ಮಾಡುವ ಕೆಲಸ ಅದಲ್ಲ. ಯಾಕೆ ಎಂದು ತಿಳಿಯಬೇಕಾದರೆ ಗಾಳಿಯೂ ಉಕ್ಕೂ ಹೇಗೆ ಭಾರ ಹೊರುತ್ತವೆ ಎಂಬುದು ಗೊತ್ತಿರಬೇಕು. ಈ ಎರಡನ್ನೂ ಮೊದಲಿಗೆ ಕೈಯಾರೆ ಪರೀಕ್ಷಿಸಿದವರಲ್ಲಿ ಒಬ್ಬ ಮನುಷ್ಯನ ಹೆಸರು ಎರಡೂ ಕಡೆ ಬರುತ್ತದೆ. ಶಾಲೆಯಲ್ಲಿ ಒಂದು ಸೂತ್ರವಾಗಿ ಓದಿ ಮರೆತ ಹೆಸರು: ರಾಬರ್ಟ್ ಹುಕ್. ಅವರ ಬದುಕಿನ ಬಗ್ಗೆಯೂ ಒಂದು ಸುಳ್ಳು ಫಾರ್ವರ್ಡ್ ಓಡಾಡುತ್ತಿದೆ. ಎರಡನ್ನೂ ಒಟ್ಟಿಗೆ ನೋಡೋಣ.

ಗಡಿಯಾರ ಬಿಚ್ಚಿದ ಹುಡುಗ

ಹುಕ್ ಹುಟ್ಟಿದ್ದು 1635ರ ಜುಲೈ 18ರಂದು, ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ಎಂಬ ದ್ವೀಪದ ಫ್ರೆಶ್‌ವಾಟರ್ ಊರಿನಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಹುಡುಗನಿಗೆ ಸದಾ ಕಾಯಿಲೆ, ತಲೆನೋವು. ಓದಿಸುವುದೇ ಕಷ್ಟವಾಗಿ ಮನೆಯವರು ಅವನನ್ನು ಅವನ ಪಾಡಿಗೆ ಬಿಟ್ಟಿದ್ದರು. ಅವನು ಆಟಿಕೆ ಯಂತ್ರಗಳನ್ನು ಮಾಡುತ್ತ ಕೂತ. ಯಾರೋ ಬಿಚ್ಚಿದ ಹಿತ್ತಾಳೆ ಗಡಿಯಾರವನ್ನು ನೋಡಿಕೊಂಡು ಮರದಲ್ಲಿ ಅಂಥದ್ದೇ ಒಂದನ್ನು ಮಾಡಿದ, ಅದು ನಡೆಯುತ್ತಲೂ ಇತ್ತು ಎಂದು ಅವರ ಮೊದಲ ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ.

1648ರಲ್ಲಿ ತಂದೆ ತೀರಿಕೊಂಡರು. ಹದಿಮೂರರ ಹುಡುಗ ಅಪ್ಪ ಬಿಟ್ಟುಹೋದ ಸ್ವಲ್ಪ ಹಣದೊಂದಿಗೆ ಲಂಡನ್ನಿಗೆ ಬಂದ. ಚಿತ್ರ ಚೆನ್ನಾಗಿ ಬಿಡಿಸುತ್ತಿದ್ದರಿಂದ ಪೀಟರ್ ಲೆಲಿ ಎಂಬ ಹೆಸರಾಂತ ಚಿತ್ರಕಾರರ ಬಳಿ ಕೆಲವು ದಿನ ಕೆಲಸ ಕಲಿಯಲು ಸೇರಿದ. ಅದು ಒಗ್ಗಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಶಾಲೆಯ ಮುಖ್ಯೋಪಾಧ್ಯಾಯ ರಿಚರ್ಡ್ ಬಸ್ಬಿ ಅವನನ್ನು ಕೈಹಿಡಿದರು. ಗಣಿತ, ಲ್ಯಾಟಿನ್, ಗ್ರೀಕ್ ಎಲ್ಲವೂ ಅಲ್ಲೇ ಆಯಿತು. ಮುಂದೆ ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜು ಸೇರಿದಾಗಲೂ ಕೈಯಲ್ಲಿ ಕಾಸಿರಲಿಲ್ಲ. ಉಳ್ಳವರ ಕೈಕೆಳಗೆ ದುಡಿದೇ ಓದಬೇಕಾಯಿತು.

ಇಷ್ಟನ್ನು ಹೇಳಲು ಕಾರಣವಿದೆ. ಆ ಕಾಲದ ವಿಜ್ಞಾನದಲ್ಲಿ ಹೆಚ್ಚಿನವರು ಜಮೀನು, ಹಣ ಇದ್ದವರು. ಹುಕ್ ಹಾಗಿರಲಿಲ್ಲ. ಅವರ ಬಂಡವಾಳ ಅವರ ಕೈಚಳಕ. ಗ್ಯಾರೇಜಿನಲ್ಲಿ ಎಂಜಿನ್ ಸದ್ದು ಕೇಳಿಯೇ ಕಾಯಿಲೆ ಹೇಳುವ ಮೇಸ್ತ್ರಿಗಳನ್ನು ನಾವು ಕಂಡಿದ್ದೇವಲ್ಲ, ಆ ಜಾತಿಯ ಜಾಣ್ಮೆ ಅದು.

ಮೊದಲು ಗಾಳಿ

ಆಕ್ಸ್‌ಫರ್ಡ್‌ನಲ್ಲಿ ಹುಕ್‌ಗೆ ಕೆಲಸ ಕೊಟ್ಟವರು ರಾಬರ್ಟ್ ಬಾಯ್ಲ್. ಬಾಯ್ಲ್ ಸಿರಿವಂತ ಮನೆತನದವರು, ಗಾಳಿಯ ಗುಣ ತಿಳಿಯುವ ಹಟ ಹಿಡಿದವರು. ಒಂದು ಗಾಜಿನ ಪಾತ್ರೆಯಿಂದ ಗಾಳಿಯನ್ನು ಎಳೆದು ತೆಗೆಯುವ ಪಂಪು ಅವರಿಗೆ ಬೇಕಿತ್ತು. ಬೇರೊಬ್ಬರ ಕೈಯಲ್ಲಿ ಮಾಡಿಸಿದ ಪಂಪು ಸರಿಬರಲಿಲ್ಲ. 1659ರ ಹೊತ್ತಿಗೆ ಹುಕ್ ಮಾಡಿಕೊಟ್ಟದ್ದು ನಡೆಯಿತು. ಗಾಳಿ ಸೋರದಂತೆ ಪಿಸ್ಟನ್ ಕೂರಿಸುವುದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಆ ಪಂಪಿನಿಂದ ನಡೆಸಿದ ಪ್ರಯೋಗಗಳ ಪುಸ್ತಕವನ್ನು ಬಾಯ್ಲ್ 1660ರಲ್ಲಿ ಪ್ರಕಟಿಸಿದರು. ಆ ಪುಸ್ತಕದ ಹೆಸರಿನಲ್ಲೇ ಗಾಳಿಯ ಸ್ಪ್ರಿಂಗ್ ಎಂಬ ಮಾತಿದೆ. ಗಾಳಿಯನ್ನು ಅದುಮಿದರೆ ಅದು ತಿರುಗಿ ಒದೆಯುತ್ತದೆ, ಹಾಗಾಗಿ ಗಾಳಿಯೂ ಒಂದು ಸ್ಪ್ರಿಂಗೇ ಎಂಬುದು ಅವರ ತಿಳಿವಳಿಕೆ. 1662ರ ಎರಡನೇ ಮುದ್ರಣದಲ್ಲಿ ನಾವು ಈಗ ಬಾಯ್ಲ್ ನಿಯಮ ಎಂದು ಓದುವ ವಿಚಾರ ಬಂತು: ಬಿಸಿ ಬದಲಾಗದಿದ್ದರೆ, ಗಾಳಿಯ ಜಾಗವನ್ನು ಅರ್ಧ ಮಾಡಿದಾಗ ಅದರ ಒತ್ತಡ ಎರಡು ಪಟ್ಟಾಗುತ್ತದೆ.

ಇದನ್ನು ನೀವು ಸೈಕಲ್ ಪಂಪಿನಲ್ಲಿ ನೋಡಬಹುದು. ಪಂಪಿನ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಕೆಯನ್ನು ಒತ್ತಿ. ಮೊದಲು ಸಲೀಸು. ಕೊನೆಕೊನೆಗೆ ಒಂದೊಂದು ಇಂಚಿಗೂ ಬೆವರು ಬರುತ್ತದೆ. ಗಾಳಿ ಅದುಮಿದಷ್ಟೂ ಗಡುಸಾಗುವ ಸ್ಪ್ರಿಂಗ್.

ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ಐರಾವತ ಬಸ್ಸು ಹತ್ತಿದವರು ಈ ಸ್ಪ್ರಿಂಗಿನ ಮೇಲೆಯೇ ಕೂತಿರುತ್ತೀರಿ. ಚಾಸಿಗೂ ಆಕ್ಸಲಿಗೂ ನಡುವೆ ದಪ್ಪ ರಬ್ಬರಿನ ಚೀಲಗಳಿರುತ್ತವೆ, ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಬೆಲೋ. ಕುಲುಮೆಯ ತಿದಿಯ ಹಾಗೆ ಮಡಿಕೆ ಇರುವ ಚೀಲ. ಜನ ತುಂಬಿದರೆ ಕವಾಟ ತೆರೆದು ಇನ್ನಷ್ಟು ಗಾಳಿ ಒಳಕ್ಕೆ ಹೋಗುತ್ತದೆ, ಜನ ಇಳಿದರೆ ಗಾಳಿ ಹೊರಕ್ಕೆ. ಹತ್ತು ಜನ ಇರಲಿ, ನಲವತ್ತು ಜನ ಇರಲಿ, ಬಸ್ಸಿನ ಎತ್ತರ ಒಂದೇ. ದುಬಾರಿ ಕಾರುಗಳಲ್ಲಿರುವುದೂ ಇದೇ ವ್ಯವಸ್ಥೆ. ಜೊತೆಗೆ ಎತ್ತರ ಅಳೆಯುವ ಸೆನ್ಸರ್‌ಗಳು, ಒಂದು ಪುಟ್ಟ ಕಂಪ್ರೆಸರ್, ಇವನ್ನು ಆಳುವ ಕಂಪ್ಯೂಟರ್ ಇರುತ್ತವೆ.

ಕೆಡುವುದು ಎಲ್ಲಿ? ರಬ್ಬರ್ ವಯಸ್ಸಾದಂತೆ ಬಿರುಕು ಬಿಡುತ್ತದೆ. ಮಲೆನಾಡಿನ ಕೆಸರು, ಮರಳು ಮಡಿಕೆಯೊಳಗೆ ಸೇರಿ ಉಜ್ಜುತ್ತದೆ. ಸಣ್ಣ ಸೋರಿಕೆ ಶುರುವಾದರೆ, ಕಡಿಮೆಯಾದ ಗಾಳಿ ತುಂಬಲು ಕಂಪ್ರೆಸರ್ ಪದೇ ಪದೇ ಓಡಿ ಅದೂ ಸುಟ್ಟುಹೋಗುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಯಲ್ಲಿ ಕುಸಿದು ಕೂತಿದ್ದರೆ ಸಾಮಾನ್ಯವಾಗಿ ಕಾರಣ ಇದೇ. ಎಷ್ಟೋ ಸಲ ಕೆಟ್ಟಿರುವುದು ಒಂದು ಚೀಲ ಅಥವಾ ಒಂದು ಪೈಪಿನ ಜಾಯಿಂಟ್ ಅಷ್ಟೇ. ಸೋಪಿನ ನೀರು ಸವರಿದರೆ ಗುಳ್ಳೆ ಬರುವ ಜಾಗ ಸಿಗುತ್ತದೆ. ಇಡೀ ವ್ಯವಸ್ಥೆ ಕಿತ್ತು ಹಾಕುವ ಮೊದಲು ಇಷ್ಟನ್ನಾದರೂ ನೋಡಿಸಬೇಕು.

ಗಾಳಿಯ ಜೊತೆ ಹುಕ್‌ರ ನಂಟು ಅಲ್ಲಿಗೇ ಮುಗಿಯಲಿಲ್ಲ. 1671ರಲ್ಲಿ ಮನುಷ್ಯ ಕೂರುವಷ್ಟು ದೊಡ್ಡ ಪೆಟ್ಟಿಗೆ ಮಾಡಿಸಿ, ತಾವೇ ಒಳಗೆ ಕೂತು, ಒಂದಷ್ಟು ಗಾಳಿ ಹೊರತೆಗೆಸಿದರು. ಕಿವಿ ನೋವು, ಕಿವುಡು, ತಲೆಸುತ್ತು ಬಂತು. ಆಗುಂಬೆ ಘಾಟಿ ಹತ್ತಿ ಇಳಿಯುವಾಗ ಕಿವಿ ಕಟ್ಟುವುದಕ್ಕೂ ಮೂಲ ಕಾರಣ ಇದೇ, ಹೊರಗಿನ ಗಾಳಿಯ ಒತ್ತಡ ಬದಲಾಗುವುದು. ಇಂಥ ಪ್ರಯೋಗ ಯಾರೂ ಮನೆಯಲ್ಲಿ ಮಾಡಬೇಡಿ ಎಂದು ಬೇರೆ ಹೇಳಬೇಕಿಲ್ಲ.

ವಾರಕ್ಕೊಂದು ಪ್ರಯೋಗ

1662ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಹುಕ್‌ರನ್ನು ಪ್ರಯೋಗಗಳ ಮೇಲ್ವಿಚಾರಕರನ್ನಾಗಿ ನೇಮಿಸಿತು. ಸದಸ್ಯರು ಸೇರಿದಾಗಲೆಲ್ಲ ಹೊಸ ಪ್ರಯೋಗಗಳನ್ನು ಮಾಡಿ ತೋರಿಸಬೇಕು. ಸಂಬಳಕ್ಕಾಗಿ ವಿಜ್ಞಾನ ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು. 1665ರಲ್ಲಿ ಗ್ರೆಶಮ್ ಕಾಲೇಜಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕರಾದರು. ಅಲ್ಲೇ ಮನೆ, ಅಲ್ಲೇ ಕೆಲಸ, ಸಾಯುವವರೆಗೂ.

ಅದೇ 1665ರಲ್ಲಿ ಬಂದ ಅವರ ಮೈಕ್ರೋಗ್ರಾಫಿಯಾ ಪುಸ್ತಕ ಜನರನ್ನು ಬೆರಗಾಗಿಸಿತು. ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟ, ಹೇನು, ನೊಣದ ಕಣ್ಣುಗಳನ್ನು ಪುಟ ತುಂಬ ಬಿಡಿಸಿದ್ದರು. ಲೆಲಿ ಬಳಿ ಕಲಿತ ಕೆಲವು ದಿನಗಳ ಚಿತ್ರಕಲೆ ಇಲ್ಲಿ ಕೈಹಿಡಿಯಿತು. ಬೆಂಡಿನ ಚೂರಿನಲ್ಲಿ ಕಂಡ ಪುಟ್ಟ ಪುಟ್ಟ ಕೋಣೆಗಳಿಗೆ ಅವರು ಇಟ್ಟ ಸೆಲ್ ಎಂಬ ಹೆಸರನ್ನೇ ನಾವು ಇಂದಿಗೂ ಜೀವಕೋಶಕ್ಕೆ ಬಳಸುತ್ತೇವೆ.

ಆ ಪುಸ್ತಕದ ಆರಂಭದಲ್ಲೇ ಸೂಜಿಯ ಮೊನೆ ಮತ್ತು ಕ್ಷೌರದ ಕತ್ತಿಯ ಅಂಚಿನ ಚಿತ್ರಗಳಿವೆ. ಬರಿಗಣ್ಣಿಗೆ ನುಣುಪಾಗಿ ಕಾಣುವ ಲೋಹ, ಹತ್ತಿರದಿಂದ ನೋಡಿದರೆ ಗೀರು, ಹಳ್ಳ, ದಿಣ್ಣೆಗಳಿಂದ ತುಂಬಿದೆ. ಕಾಯಿಲ್ ಸ್ಪ್ರಿಂಗ್ ಮುರಿಯುವುದು ಇಂಥ ಗೀರಿನಿಂದಲೇ ಶುರುವಾಗುತ್ತದೆ ಎಂದು ಈಗ ಎಂಜಿನಿಯರ್‌ಗಳಿಗೆ ಗೊತ್ತು. ಸ್ಪ್ರಿಂಗು ಲಕ್ಷಾಂತರ ಸಲ ಕುಗ್ಗಿ ಹಿಗ್ಗುತ್ತದೆ. ಗ್ರೈಂಡರ್ ತಾಗಿದ ಒಂದು ಗುರುತು, ಬಣ್ಣ ಎದ್ದು ತುಕ್ಕು ಹಿಡಿದ ಒಂದು ಚುಕ್ಕೆ ಇದ್ದರೆ ಬಿರುಕು ಅಲ್ಲಿಂದ ಬೆಳೆಯುತ್ತ ಹೋಗಿ ಒಂದು ದಿನ ಹಂಪ್ ಹಾರಿದಾಗ ಸ್ಪ್ರಿಂಗ್ ಎರಡು ತುಂಡು. ಗಾಳಿ ಚೀಲ ಕೆಡುತ್ತದೆ, ಉಕ್ಕು ಜನ್ಮಕ್ಕೂ ಬಾಳುತ್ತದೆ ಎಂಬ ಫಾರ್ವರ್ಡ್ ಮಾತು ಆದ್ದರಿಂದ ಪೂರ್ತಿ ಸರಿಯಲ್ಲ. ಉಕ್ಕು ಹೆಚ್ಚು ಬಾಳುತ್ತದೆ ನಿಜ. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಮಳೆಯಲ್ಲಿ ತೋಯುವ ನಮ್ಮ ಕಡೆ ತುಕ್ಕಿನ ಕಡೆಗೂ ಕಣ್ಣಿಡಬೇಕು.

ಸ್ಪ್ರಿಂಗ್ ಮೇಲಿನ ಸಾರೋಟು

1665ರ ಮೇ 1ರಂದು ಲಂಡನ್ನಿನ ಹೊರವಲಯದಲ್ಲಿ ಕರ್ನಲ್ ಬ್ಲೌಂಟ್ ಎಂಬವರ ಮನೆಯಲ್ಲಿ ಕೆಲವರು ಊಟಕ್ಕೆ ಸೇರಿದ್ದರು. ರಾಯಲ್ ಸೊಸೈಟಿಯ ಹಿರಿಯರಿದ್ದರು, ದಿನಚರಿ ಬರೆದು ಹೆಸರಾದ ಸ್ಯಾಮ್ಯುಯೆಲ್ ಪೆಪಿಸ್ ಇದ್ದರು, ಹುಕ್ ಕೂಡ ಇದ್ದರು. ಊಟದ ನಂತರ ಕುದುರೆ ಸಾರೋಟಿನ ಕುಲುಕಾಟ ಕಡಿಮೆ ಮಾಡುವ ಪರೀಕ್ಷೆಗಳು ನಡೆದವು. ಹಲವು ಬಗೆ ನೋಡಿದರು. ಅವುಗಳಲ್ಲಿ ಒಂದರ ಮೈಯೆಲ್ಲ ಒಂದೇ ಉದ್ದನೆಯ ಸ್ಪ್ರಿಂಗ್ ಮೇಲೆ ನಿಂತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಅದರಲ್ಲಿ ಕೂತು ಸುತ್ತಿದರು. ತುಂಬ ಹಿತವಾಗಿದೆ ಎನಿಸಿತು ಎಂದು ಪೆಪಿಸ್ ಬರೆದಿಟ್ಟಿದ್ದಾರೆ.

ಗಾಡಿಗೆ ಸ್ಪ್ರಿಂಗ್ ಹಾಕುವ ಯೋಚನೆ ಕಾರಿಗಿಂತ ಇನ್ನೂರು ವರ್ಷಕ್ಕೂ ಹಳೆಯದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಎಷ್ಟು ಭಾರಕ್ಕೆ ಎಂಥ ಸ್ಪ್ರಿಂಗ್ ಬೇಕು ಎಂದು ಲೆಕ್ಕ ಹಾಕಲು ಆಗ ಯಾರ ಬಳಿಯೂ ಪ್ರಕಟವಾದ ಸೂತ್ರ ಇರಲಿಲ್ಲ. ಹಾಕಿ ನೋಡುವುದು, ಸರಿಬರದಿದ್ದರೆ ಬದಲಿಸುವುದು. ಅಂಗಳದಲ್ಲಿ ಕಾರು ಬಿಚ್ಚುವ ವಿಡಿಯೊಗಳು ಇವತ್ತಿಗೂ ನಿಂತಿರುವುದು ಅದೇ ಹಂತದಲ್ಲಿ.

ಸುಟ್ಟ ಊರನ್ನು ಅಳೆದವರು

1666ರ ಸೆಪ್ಟೆಂಬರ್ 2ರಂದು ಹೊತ್ತಿದ ಬೆಂಕಿ ಲಂಡನ್ನಿನ ಸುಮಾರು 13 ಸಾವಿರ ಮನೆಗಳನ್ನು ಬೂದಿ ಮಾಡಿತು. ಊರನ್ನು ಮತ್ತೆ ಕಟ್ಟಲು ನೇಮಕವಾದ ಸರ್ವೇಯರ್‌ಗಳಲ್ಲಿ ಹುಕ್ ಒಬ್ಬರು. ಯಾರ ಗೋಡೆ ಎಲ್ಲಿತ್ತು, ರಸ್ತೆ ಅಗಲವಾದಾಗ ಯಾರಿಗೆ ಎಷ್ಟು ಜಾಗ ಹೋಯಿತು ಎಂದು ಬೂದಿಯ ನಡುವೆ ನಿಂತು ಅಳೆದುಕೊಟ್ಟರು. ಗೆಳೆಯ ಕ್ರಿಸ್ಟೊಫರ್ ರೆನ್ ಜೊತೆ ಸೇರಿ ಕಟ್ಟಡಗಳನ್ನೂ ರೂಪಿಸಿದರು. ಬೆಂಕಿಯ ನೆನಪಿಗೆ ನಿಂತ 202 ಅಡಿ ಎತ್ತರದ ಕಂಬ ಇಂದಿಗೂ ಲಂಡನ್ನಿನಲ್ಲಿದೆ. ಹಗಲು ಸರ್ವೆ, ಸಂಜೆ ಪ್ರಯೋಗ, ರಾತ್ರಿ ಕಾಫಿ ಅಂಗಡಿಯಲ್ಲಿ ವಾದ. ನಿದ್ದೆ ಕಡಿಮೆ. ತಲೆನೋವು, ಹೊಟ್ಟೆನೋವಿಗೆ ಕಂಡಕಂಡ ಔಷಧಿ ನುಂಗಿ, ಅದರ ಪರಿಣಾಮವನ್ನೂ ದಿನಚರಿಯಲ್ಲಿ ಬರೆದಿಡುತ್ತಿದ್ದರು.

ಹದಿನಾಲ್ಕು ಅಕ್ಷರದ ಒಗಟು

ಹುಕ್‌ರ ಹೆಸರು ಉಳಿದಿರುವುದು ಒಂದು ಸಾಲಿನ ನಿಯಮದಿಂದ. ಅದು ಹೊರಬಂದ ರೀತಿ ವಿಚಿತ್ರ. 1675ರಲ್ಲಿ ಹಾಲೆಂಡಿನ ಕ್ರಿಶ್ಚಿಯನ್ ಹೈಗೆನ್ಸ್ ಸುರುಳಿ ಸ್ಪ್ರಿಂಗಿನಿಂದ ನಡೆಯುವ ಜೇಬುಗಡಿಯಾರದ ವಿನ್ಯಾಸ ಪ್ರಕಟಿಸಿದರು. ಇದು ತಾವು ಎಷ್ಟೋ ವರ್ಷ ಹಿಂದೆಯೇ ಯೋಚಿಸಿದ್ದು, ತಮ್ಮವರೇ ಸುಳಿವು ಬಿಟ್ಟುಕೊಟ್ಟಿದ್ದಾರೆ ಎಂದು ಹುಕ್ ಕೆರಳಿದರು. ಮುಂದೆ ಹಾಗಾಗಬಾರದೆಂದು 1676ರಲ್ಲಿ ತಮ್ಮ ಸ್ಪ್ರಿಂಗ್ ನಿಯಮವನ್ನು 14 ಅಕ್ಷರಗಳ ಒಗಟಾಗಿ ಅಚ್ಚು ಮಾಡಿಸಿದರು. ವಾಕ್ಯದ ಅಕ್ಷರಗಳನ್ನು ಬಿಡಿಸಿ ಅಕಾರಾದಿಯಾಗಿ ಜೋಡಿಸಿಟ್ಟರೆ ಕಂಡುಹಿಡಿದವರು ಯಾರೆಂಬ ದಾಖಲೆ ಉಳಿಯುತ್ತದೆ, ಗುಟ್ಟು ಮಾತ್ರ ಬಯಲಾಗುವುದಿಲ್ಲ. ಎರಡು ವರ್ಷದ ನಂತರ, 1678ರಲ್ಲಿ, ಸ್ಪ್ರಿಂಗ್ ಬಗ್ಗೆಯೇ ಬರೆದ ಪುಸ್ತಕದಲ್ಲಿ ಒಗಟು ಬಿಡಿಸಿದರು. ಎಳೆತ ಎಷ್ಟೋ ಬಲ ಅಷ್ಟು ಎಂಬುದು ಅದರ ಅರ್ಥ. ಒಂದು ಕೆಜಿ ತೂಕಕ್ಕೆ ಸ್ಪ್ರಿಂಗ್ ಒಂದು ಇಂಚು ಇಳಿದರೆ ಎರಡು ಕೆಜಿಗೆ ಎರಡು ಇಂಚು.

ಪ್ರಯೋಗಗಳು ಸರಳ. ಸುರುಳಿ ಸುತ್ತಿದ ತಂತಿ, ಗಡಿಯಾರದ ಸ್ಪ್ರಿಂಗ್, ಇಪ್ಪತ್ತು ಮೂವತ್ತು ಅಡಿ ಉದ್ದದ ನೇರ ತಂತಿ. ಇವಕ್ಕೆ ತಟ್ಟೆ ಕಟ್ಟಿ ಒಂದೊಂದೇ ಬಟ್ಟು ಇಡುತ್ತ ಹೋಗಿ ಅಳೆದರು. ಹಳೇ ಪೇಪರ್ ಕೊಳ್ಳುವವರ ಕೈಯಲ್ಲಿರುವ ಸ್ಪ್ರಿಂಗ್ ತಕ್ಕಡಿ ನೋಡಿ. ಅದರ ಗೆರೆಗಳೆಲ್ಲ ಸಮ ದೂರದಲ್ಲಿವೆ. ಹುಕ್ ನಿಯಮ ಕಣ್ಣಿಗೆ ಕಾಣುವುದು ಹೀಗೆ.

ಇಲ್ಲಿಂದ ನೇರವಾಗಿ ಕಾರಿಗೆ ಬರೋಣ. ಚಕ್ರ, ಆಕ್ಸಲ್ ಬಿಟ್ಟು 2,000 ಕೆಜಿ ತೂಗುವ ದೊಡ್ಡ ಕಾರೊಂದಿದೆ ಎನ್ನಿ. ಒಂದು ಮೂಲೆಗೆ 500 ಕೆಜಿ. ಹಿತವಾದ ಓಟಕ್ಕೆ ಕಾರಿನ ಮೈ ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು ಸಲ, ಅಂದರೆ 1.2 ಸಲ, ತೂಗಬೇಕು ಎಂದು ಇಟ್ಟುಕೊಂಡರೆ ಪ್ರತಿ ಮಿಲಿಮೀಟರಿಗೆ ಸುಮಾರು 28 ನ್ಯೂಟನ್ ಬಲ ಕೊಡುವ ಸ್ಪ್ರಿಂಗ್ ಬೇಕು. ಕಾರು ಸುಮ್ಮನೆ ನಿಂತಾಗಲೇ ಅದು ಸುಮಾರು 17 ಸೆಂಟಿಮೀಟರ್ ಕುಗ್ಗಿರುತ್ತದೆ. ಸ್ಪ್ರಿಂಗ್ ನೇರ ಚಕ್ರದ ಮೇಲಿದೆ ಎಂದುಕೊಂಡ ಸರಳ ಲೆಕ್ಕ ಇದು. ನಿಜವಾದ ಕಾರಿನಲ್ಲಿ ಸ್ಪ್ರಿಂಗ್ ಒಳಬದಿಗೆ ಇದ್ದರೆ ಇನ್ನೂ ಗಡುಸು ಬೇಕಾಗುತ್ತದೆ.

ಅಪಾಯ ಇರುವುದು ಈ ಕುಗ್ಗುವಿಕೆಯಲ್ಲಿ. ಹುಕ್ ನಿಯಮದ ಪ್ರಕಾರ ಸ್ಪ್ರಿಂಗನ್ನು ಎರಡು ಪಟ್ಟು ಕುಗ್ಗಿಸಿದರೆ ಬಲ ಎರಡು ಪಟ್ಟು. ಒಳಗೆ ಕೂಡಿಟ್ಟ ಶಕ್ತಿ ಮಾತ್ರ ನಾಲ್ಕು ಪಟ್ಟು. ನಮ್ಮ ಲೆಕ್ಕದ ಸ್ಪ್ರಿಂಗ್ 17 ಸೆಂಟಿಮೀಟರ್ ಕುಗ್ಗಿದಾಗ ಅದರಲ್ಲಿ 400 ಜೌಲ್‌ಗೂ ಹೆಚ್ಚು ಶಕ್ತಿ ಇರುತ್ತದೆ. ಐವತ್ತು ಕೆಜಿ ಅಕ್ಕಿ ಮೂಟೆ ಸೊಂಟದ ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು. ಸ್ಪ್ರಿಂಗನ್ನು ಕುಗ್ಗಿಸಿ ಕೂರಿಸಲು ಬಳಸುವ ಕಂಪ್ರೆಸರ್ ಉಪಕರಣ ಅಗ್ಗದ್ದಾಗಿ ಅದರ ಕೊಕ್ಕೆ ಜಾರಿದರೆ, ಆ ಶಕ್ತಿಯೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಖ, ಕೈ, ಎದೆಗೆ ಬಡಿಯುತ್ತದೆ. ಮೂರು ನಿಮಿಷದ ವಿಡಿಯೊದಲ್ಲಿ ಈ ಭಾಗ ಇರುವುದೇ ಇಲ್ಲ.

ಎರಡನೆಯ ವಿಚಾರ ಭಾರ. ಗಾಳಿಯಾದರೆ ಭಾರ ಹೆಚ್ಚಿದಂತೆ ಒತ್ತಡ ಹೆಚ್ಚಿಸಿಕೊಂಡು ಎತ್ತರ ಕಾಯುತ್ತದೆ. ಉಕ್ಕಿಗೆ ಆ ಅನುಕೂಲ ಇಲ್ಲ. ಮನೆಮಂದಿ, ಲಗೇಜು ಸೇರಿ 300 ಕೆಜಿ ಏರಿದರೆ ಮೇಲಿನ ಕಾರು ಸುಮಾರು ಎರಡೂವರೆ ಸೆಂಟಿಮೀಟರ್ ಕುಸಿಯುತ್ತದೆ. ಭಾರ ಹಿಂದೆಯೇ ಹೆಚ್ಚಿದ್ದರೆ ಹಿಂಭಾಗ ಇನ್ನಷ್ಟು. ಹೆಡ್‌ಲೈಟ್ ಮೇಲಕ್ಕೆ ಎದ್ದು ಎದುರಿನವರ ಕಣ್ಣು ಕುಕ್ಕುತ್ತದೆ. ಗಾಳಿಗೆ ಹೊಂದಿಸಿದ ಶಾಕ್ ಅಬ್ಸಾರ್ಬರ್ ಉಕ್ಕಿಗೆ ಹೊಂದದೆ ಹೋದರೆ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಕಾರು ತೂಗಾಡುತ್ತ ಹಿಡಿತ ಬಿಡಬಹುದು.

ಭದ್ರಾವತಿಯ ಉಕ್ಕು, ಕುಲುಮೆಯ ಪಾಠ

ಉಕ್ಕಿನ ಬಗ್ಗೆ ಮಾತಾಡುವಾಗ ನಮ್ಮ ಜಿಲ್ಲೆಯನ್ನು ಬಿಟ್ಟು ಹೋಗಲಾಗದು. ಸರ್ ಎಂ. ವಿಶ್ವೇಶ್ವರಯ್ಯ ಅವರ ಒತ್ತಾಸೆಯಿಂದ ಮೈಸೂರು ಸರ್ಕಾರ ಭದ್ರಾವತಿಯಲ್ಲಿ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಆರಂಭದಲ್ಲಿ ಅದಿರು ಕರಗಿಸಿದ್ದು ನಮ್ಮ ಕಾಡಿನ ಮರದ ಇದ್ದಿಲಿನಿಂದ. 1936ರಲ್ಲಿ ಉಕ್ಕು ತಯಾರಿಕೆ ಸೇರಿತು. ಮುಂದೆ ಮಿಶ್ರಲೋಹದ ವಿಶೇಷ ಉಕ್ಕುಗಳಿಗೆ ಆ ಕಾರ್ಖಾನೆ ಹೆಸರಾಯಿತು. ಕಬ್ಬಿಣ ಬೇರೆ, ಉಕ್ಕು ಬೇರೆ, ಸ್ಪ್ರಿಂಗಿಗೆ ಬೇಕಾದ ಉಕ್ಕು ಇನ್ನೂ ಬೇರೆ ಎಂದು ಭದ್ರಾವತಿಯ ಹಿರಿಯ ಕಾರ್ಮಿಕರಿಗೆ ಯಾರೂ ಕಲಿಸಬೇಕಿಲ್ಲ.

ಸ್ಪ್ರಿಂಗ್ ಉಕ್ಕಿನಲ್ಲಿ ಸುಮಾರು ನೂರಕ್ಕೆ ಅರ್ಧದಷ್ಟು ಇಂಗಾಲ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಇರುತ್ತದೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡುತ್ತಾರೆ. ಹಳೆ ಲಾರಿ ಪ್ಲೇಟಿನಿಂದ ಕತ್ತಿ, ಕುಡುಗೋಲು ಮಾಡುವ ನಮ್ಮೂರ ಕಮ್ಮಾರರು ಕೊನೆಗೆ ನೀರಿಗೋ ಎಣ್ಣೆಗೋ ಅದ್ದಿ ಹದ ಕೊಡುವುದೂ ಇದೇ ವಿದ್ಯೆ. ಈ ಹದ ಬದಲಾದರೂ ಸ್ಪ್ರಿಂಗಿನ ಗಡುಸು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬದಲಾಗುವುದು ಅದರ ಮಿತಿ, ಅಂದರೆ ಎಷ್ಟು ಕುಗ್ಗಿಸಿದರೂ ಮತ್ತೆ ಮೊದಲಿನಂತಾಗುತ್ತದೆ ಎಂಬ ಗಡಿ. ಹುಕ್ ನಿಯಮ ನಡೆಯುವುದು ಆ ಗಡಿಯೊಳಗೆ ಮಾತ್ರ. ಗಡಿ ದಾಟಿದರೆ ಸ್ಪ್ರಿಂಗ್ ಕೂತುಹೋಗುತ್ತದೆ.

ಕಾರಿನ ಎತ್ತರ ಇಳಿಸಲು ಸ್ಪ್ರಿಂಗಿಗೆ ಗ್ಯಾಸ್ ಬೆಂಕಿ ಹಿಡಿಯಿರಿ ಎನ್ನುವ ಸಲಹೆ ಇದಕ್ಕೇ ಅಪಾಯಕಾರಿ. ಬೆಂಕಿ ಹದವನ್ನು ಕೆಡಿಸುತ್ತದೆ. ಒಂದು ಸುತ್ತು ಕತ್ತರಿಸಿದರೆ ಮೆತ್ತಗಾಗುತ್ತದೆ ಎನ್ನುವುದೂ ತಪ್ಪು. ಕೆಲಸ ಮಾಡುವ ಸುತ್ತು ಆರಿದ್ದದ್ದು ಐದಾದರೆ ಸ್ಪ್ರಿಂಗ್ ನೂರಕ್ಕೆ ಇಪ್ಪತ್ತರಷ್ಟು ಇನ್ನೂ ಗಡುಸಾಗುತ್ತದೆ. ಕತ್ತರಿಸಿದ ತುದಿ ಪೀಠದಲ್ಲಿ ಸರಿಯಾಗಿ ಕೂರುವುದೂ ಇಲ್ಲ.

ನ್ಯೂಟನ್ ನಿಜವಾಗಿ ಚಿತ್ರ ಸುಟ್ಟರೇ?

ಈಗ ಇನ್ನೊಂದು ಫಾರ್ವರ್ಡ್. ಹುಕ್ ಸತ್ತ ಮೇಲೆ ಐಸಾಕ್ ನ್ಯೂಟನ್ ಹಗೆ ತೀರಿಸಿಕೊಳ್ಳಲು ಅವರ ಏಕೈಕ ಭಾವಚಿತ್ರವನ್ನು ಸುಟ್ಟುಹಾಕಿದರಂತೆ.

ಇಬ್ಬರಿಗೂ ಆಗುತ್ತಿರಲಿಲ್ಲ ಎಂಬುದು ನಿಜ. 1672ರಲ್ಲಿ ಬೆಳಕಿನ ಬಗ್ಗೆ ನ್ಯೂಟನ್ ಬರೆದದ್ದನ್ನು ಹುಕ್ ಟೀಕಿಸಿದರು. 1679ರಲ್ಲಿ ಹುಕ್ ನ್ಯೂಟನ್‌ಗೆ ಪತ್ರ ಬರೆದು ಗ್ರಹಗಳ ಚಲನೆ ಬಗ್ಗೆ ತಮ್ಮ ಯೋಚನೆ ಹಂಚಿಕೊಂಡರು. ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ಊಹೆಯನ್ನೂ ಆ ಪತ್ರವ್ಯವಹಾರದಲ್ಲಿ ಮುಂದಿಟ್ಟರು. 1687ರಲ್ಲಿ ನ್ಯೂಟನ್‌ರ ಪ್ರಿನ್ಸಿಪಿಯಾ ಬರುವ ಹೊತ್ತಿಗೆ, ಇದರಲ್ಲಿ ತಮಗೂ ಪಾಲು ಸಲ್ಲಬೇಕು ಎಂದು ಹುಕ್ ಹೇಳಿದರು. ನ್ಯೂಟನ್ ಸಿಟ್ಟಾಗಿ ಪುಸ್ತಕದಲ್ಲಿ ಹುಕ್ ಹೆಸರು ಬರುವ ಜಾಗಗಳನ್ನು ಕಡಿಮೆ ಮಾಡಿದರು. ಊಹೆ ಹುಕ್‌ರಲ್ಲಿ ಇತ್ತು. ಅದನ್ನು ಗಣಿತದಿಂದ ಸಾಧಿಸಿ ಗ್ರಹಗಳ ದಾರಿಯನ್ನು ಲೆಕ್ಕ ಹಾಕಿ ತೋರಿಸಿದ್ದು ನ್ಯೂಟನ್. ಎರಡೂ ಮಾತು ಒಟ್ಟಿಗೆ ನಿಜವಾಗಬಹುದು.

ಚಿತ್ರ ಸುಟ್ಟ ಕತೆಗೆ ಮಾತ್ರ ಯಾವ ದಾಖಲೆಯೂ ಇಲ್ಲ. ಹುಕ್ ತೀರಿಕೊಂಡದ್ದು 1703ರ ಮಾರ್ಚ್ 3ರಂದು. ಅದೇ ವರ್ಷ ನವೆಂಬರಿನಲ್ಲಿ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷರಾದರು. ಅವರು ಅಧ್ಯಕ್ಷರಾಗಿ ಏಳು ವರ್ಷ ಕಳೆದ ಮೇಲೆ, 1710ರಲ್ಲಿ, ಸೊಸೈಟಿಗೆ ಭೇಟಿ ಕೊಟ್ಟ ಊಫೆನ್‌ಬಾಖ್ ಎಂಬ ಜರ್ಮನ್ ಪ್ರವಾಸಿ ಅಲ್ಲಿ ಹುಕ್‌ರ ಚಿತ್ರ ಕಂಡದ್ದಾಗಿ ಬರೆದಿದ್ದಾರೆ. ಅದೇ ವರ್ಷ ಸೊಸೈಟಿ ಹಳೆ ಜಾಗ ಬಿಟ್ಟು ಹೊಸ ಕಟ್ಟಡಕ್ಕೆ ಹೋಯಿತು. ಮನೆ ಬದಲಿಸುವಾಗ ಸಾಮಾನು ಕಳೆಯುವುದು ನಮಗೂ ಗೊತ್ತಿರುವ ಸಂಗತಿ. ಏನಾಯಿತೋ ಏನೋ, ಹುಕ್‌ರದೇ ಎಂದು ಖಚಿತವಾಗಿ ಹೇಳಬಲ್ಲ ಭಾವಚಿತ್ರ ಇಂದು ಒಂದೂ ಇಲ್ಲ. 2003ರಲ್ಲಿ ಸಿಕ್ಕಿತೆಂದು ಸುದ್ದಿಯಾದ ಚಿತ್ರ ವಾನ್ ಹೆಲ್ಮಾಂಟ್ ಎಂಬ ಬೇರೆ ವಿಜ್ಞಾನಿಯದು ಎಂದು ಆಮೇಲೆ ತಿಳಿಯಿತು. ಹುಕ್ ಎಂದು ಮೊಬೈಲ್‌ನಲ್ಲಿ ಬರುವ ಬಣ್ಣದ ಚಿತ್ರಗಳಲ್ಲಿ ಹಲವು, ಹಳೆಯ ವರ್ಣನೆ ಓದಿ ಇತ್ತೀಚಿನ ಕಲಾವಿದರು ಬಿಡಿಸಿದವು.

ಕೊನೆಯ ದಿನಗಳಲ್ಲಿ ಹುಕ್ ಒಂಟಿ. ಕಣ್ಣು ಮಂಜಾಗಿತ್ತು, ಕಾಲು ಊದಿತ್ತು. ಬಡವರಂತೆ ಬದುಕಿದರು. ಸತ್ತ ಮೇಲೆ ಅವರ ಪೆಟ್ಟಿಗೆಯಲ್ಲಿ ಎಂಟು ಸಾವಿರ ಪೌಂಡ್‌ಗೂ ಹೆಚ್ಚು ಹಣ ಸಿಕ್ಕಿತು. ಆ ಕಾಲಕ್ಕೆ ಅದು ದೊಡ್ಡ ಆಸ್ತಿ. ಅವರ ಕೈಬರಹದ ನೂರಾರು ಪುಟಗಳು 2006ರಲ್ಲಿ ಇಂಗ್ಲೆಂಡಿನ ಒಂದು ಮನೆಯ ಕಪಾಟಿನಲ್ಲಿ ಸಿಕ್ಕಿ ರಾಯಲ್ ಸೊಸೈಟಿಗೆ ಮರಳಿದವು. ಮುಖ ಕಳೆದುಹೋದರೂ ಬರಹ ಸಿಗುತ್ತಿದೆ.

ಹಾಗಾದರೆ ಕಾರು ಏನು ಮಾಡಬೇಕು?

ಮೊದಲು ಸೋರಿಕೆ ಎಲ್ಲಿ ಎಂದು ಗೊತ್ತು ಮಾಡಿಕೊಳ್ಳಿ. ಒಂದೇ ಚೀಲ ಬದಲಿಸಿದರೆ ಸಾಕಾಗಬಹುದು. ಉಕ್ಕಿಗೇ ಹೋಗುವುದಾದರೆ ನಿಮ್ಮ ಕಾರಿನ ಮಾದರಿಗೆಂದೇ ಮಾಡಿದ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗೆ ಇರುವ ಕಿಟ್ ಕೇಳಿ. ಬೇರೆ ಕಾರಿನ ಸ್ಪ್ರಿಂಗ್ ಕತ್ತರಿಸಿ ಕೂರಿಸಲು ಒಪ್ಪಬೇಡಿ. ಕೆಲಸವನ್ನು ಲಿಫ್ಟ್, ಸರಿಯಾದ ಸ್ಪ್ರಿಂಗ್ ಕಂಪ್ರೆಸರ್, ಸ್ಕ್ಯಾನರ್ ಇರುವ ವರ್ಕ್‌ಶಾಪಿನಲ್ಲಿ ಮಾಡಿಸಿ. ಪೈಪ್ ಬಿಚ್ಚುವ ಮೊದಲು ವ್ಯವಸ್ಥೆಯಲ್ಲಿರುವ ಗಾಳಿಯನ್ನೆಲ್ಲ ಹೊರಬಿಡಬೇಕು. ಟೈರಿನಲ್ಲಿ ಇರುವುದಕ್ಕಿಂತ ಹಲವು ಪಟ್ಟು ಒತ್ತಡ ಅಲ್ಲಿರುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ತಲೆ ಹಾಕುವುದಂತೂ ಬೇಡವೇ ಬೇಡ. ಗಾಳಿ ಹೋದ ಕ್ಷಣ ಆ ಕಾರು ಇನ್ನಷ್ಟು ಕೆಳಗೆ ಬರುತ್ತದೆ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಮಟ್ಟ ಎರಡೂ ಆಗಬೇಕು.

ಕಾನೂನೂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮೆಯವರೂ ಇದನ್ನೇ ಎತ್ತಬಹುದು. ಆದ್ದರಿಂದ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನಮ್ಮ ತೀರ್ಮಾನ ಇಷ್ಟು. ಗಾಳಿ ಸ್ಪ್ರಿಂಗನ್ನು ಉಕ್ಕಿಗೆ ಬದಲಿಸಬಹುದು ಎಂಬ ಮಾತು ನಿಜ. ಅದು ಮನೆಯಲ್ಲೇ ಸುಲಭ ಎಂಬುದು ಅಪಾಯದ ಸುಳ್ಳು. ನ್ಯೂಟನ್ ಹುಕ್ ಚಿತ್ರ ಸುಟ್ಟರು ಎಂಬುದಕ್ಕೆ ಆಧಾರ ಇಲ್ಲ. ಆ ವಿಡಿಯೊ ನಿಮ್ಮ ಗುಂಪಿಗೆ ಮತ್ತೆ ಬಂದರೆ ಅದರ ಕೆಳಗೆ ಈ ಲೇಖನವನ್ನೂ ಹಾಕಿ. ವಾರದ ಕೊನೆಗೆ ಜಾಕ್ ಹಿಡಿದು ಕಾರಿನಡಿ ನುಗ್ಗಲು ಹೊರಟ ಒಬ್ಬರಾದರೂ ಓದಿ ನಿಲ್ಲಲಿ.